ಮುಯ್ಯಾಳಿನ ಲೆಕ್ಕ

ಗಣಿತದ ಮೇಷ್ಟ್ರ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ನನ್ನ ಮನೆಗೆ ಬರುತ್ತಾರೆ. ನಂಜನಗೂಡಿನಲ್ಲಿ ರಿಟೈರಾದ ಟೀಚರೊಬ್ಬರಿದ್ದಾರೆ, ಕಾಫಿ ಚೆನ್ನಾಗಿರುತ್ತದೆ, ಮಾತೂ ಧಾರಾಳ ಎಂದು ಯಾರೋ ಹೇಳಿ ಕಳಿಸಿರಬೇಕು. ಅವರೆಲ್ಲ ಕೇಳುವುದು ಒಂದೇ ಪ್ರಶ್ನೆ. ಸಮೀಕರಣ ಬರೆದುಕೊಟ್ಟರೆ ಮಕ್ಕಳು ಬಿಡಿಸುತ್ತಾರೆ. ಅದೇ ಲೆಕ್ಕವನ್ನು ವಾಕ್ಯದಲ್ಲಿ ಕೊಟ್ಟರೆ ಪೆನ್ನು ಕೆಳಗಿಟ್ಟು ಕಿಟಕಿಯ ಕಡೆ ನೋಡುತ್ತಾರೆ. ಏನು ಮಾಡೋದು ಮೇಡಂ?

ನನ್ನ ಹತ್ತಿರ ಮಂತ್ರವಿಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಎರಡು ತಾಲ್ಲೂಕುಗಳಲ್ಲಿ ಸೀಮೆಸುಣ್ಣದ ಪುಡಿ ಉಸಿರಾಡಿದ್ದೇನೆ, ಅಷ್ಟೆ. ಆದರೆ ಒಂದು ಮಾತನ್ನು ಮಾತ್ರ ಗಟ್ಟಿಯಾಗಿ ಹೇಳಬಲ್ಲೆ. ವಾಕ್ಯದ ಲೆಕ್ಕ ಮಕ್ಕಳಿಗೆ ಅರ್ಥವಾಗುವುದಿಲ್ಲ ಎನ್ನುವುದು ಸುಳ್ಳು. ಅವರಿಗೆ ಅದು ನಮಗಿಂತ ಜಾಸ್ತಿ ಅರ್ಥವಾಗುತ್ತದೆ, ತೊಂದರೆಯೆಲ್ಲ ಅಲ್ಲಿಂದಲೇ ಶುರು.

ನನ್ನ ಮೊದಲ ಶಾಲೆ ಹೆಮ್ಮರಗಾಲದ ಕಡೆಯದು. ಪೇಟೆಯಲ್ಲಿ ಹುಟ್ಟಿ ಬೆಳೆದ ನನಗೆ ಹಳ್ಳಿಯ ಗಂಧಗಾಳಿ ಇರಲಿಲ್ಲ. ಸೇರಿದ ಹೊಸತರಲ್ಲೇ ವಯಸ್ಸಿನ ಲೆಕ್ಕ ಶುರು ಮಾಡಿದೆ. ತಂದೆಯ ವಯಸ್ಸು ಮಗನ ವಯಸ್ಸಿನ ಮೂರರಷ್ಟು, ಹನ್ನೆರಡು ವರ್ಷದ ನಂತರ ಎರಡರಷ್ಟಾಗುತ್ತದೆ, ಹಾಗಾದರೆ ಈಗಿನ ವಯಸ್ಸೆಷ್ಟು? ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, ಇದು ಸ್ಕೂಲಿನ ವಯಸ್ಸೋ ಮನೆಯ ವಯಸ್ಸೋ ಎಂದು ಕೇಳಿದ. ನನಗೆ ಅರ್ಥವಾಗಲಿಲ್ಲ. ಆಮೇಲೆ ದಾಖಲಾತಿ ಪುಸ್ತಕ ತೆಗೆದು ನೋಡಿದರೆ ಅರ್ಧ ಕ್ಲಾಸು ಜೂನ್ ಒಂದನೇ ತಾರೀಖು ಹುಟ್ಟಿತ್ತು. ಸೇರಿಸಲು ಬಂದ ಅಪ್ಪ ಅಮ್ಮಂದಿರಿಗೆ ಹುಟ್ಟಿದ ದಿನ ಗೊತ್ತಿಲ್ಲದಿದ್ದರೆ ಅಂದಿನ ಮೇಷ್ಟ್ರು ಅದನ್ನೇ ಬರೆದುಕೊಂಡುಬಿಡುತ್ತಿದ್ದರು. ಹುಡುಗನ ಪ್ರಶ್ನೆಯಲ್ಲಿ ತಪ್ಪೇನಿತ್ತು?

ಅಷ್ಟಕ್ಕೆ ಸುಮ್ಮನಿರಬಹುದಿತ್ತು. ನಾನು ಹುಮ್ಮಸ್ಸಿನಲ್ಲಿ, ಮನೆಯಲ್ಲಿರುವ ಹಿರಿಯರ ವಯಸ್ಸೆಲ್ಲ ಕೇಳಿಕೊಂಡು ಬನ್ನಿ, ನಾಳೆ ನಮ್ಮದೇ ಲೆಕ್ಕ ಮಾಡೋಣ ಎಂದೆ. ಮಾರನೆಯ ದಿನ ಮಕ್ಕಳಿಗಿಂತ ಮೊದಲು ಅಜ್ಜ ಅಜ್ಜಿಯರ ಒಂದು ದಂಡೇ ಶಾಲೆಯ ಜಗಲಿಯಲ್ಲಿ ಕೂತಿತ್ತು. ಸರ್ಕಾರದವರು ವಯಸ್ಸು ಕೇಳುತ್ತಿದ್ದಾರೆ, ಪಿಂಚಣಿ ನಿಲ್ಲಿಸುತ್ತಾರೆ ಎಂದು ಊರೆಲ್ಲ ಸುದ್ದಿಯಾಗಿತ್ತು. ಒಂದು ಅಜ್ಜಿಯಂತೂ ನನ್ನ ಕೈ ಹಿಡಿದುಕೊಂಡು, ನೀನು ಎಷ್ಟು ಬರಕೊಂಡ್ರೂ ಸರಿ, ಅರವತ್ತೈದಕ್ಕಿಂತ ಕಮ್ಮಿ ಮಾತ್ರ ಬರೀಬೇಡ ಎಂದಿತು. ಅವರನ್ನೆಲ್ಲ ಸಮಾಧಾನ ಮಾಡಿ ಕಳಿಸುವಷ್ಟರಲ್ಲಿ ಎರಡು ಪೀರಿಯಡ್ಡು ಮುಗಿದಿದ್ದವು. ಹೊಸ ಮೇಷ್ಟ್ರುಗಳೇ, ಮನೆಯವರ ವಯಸ್ಸನ್ನು ಹೋಮ್‌ವರ್ಕಿಗೆ ಕೊಡಬೇಡಿ.

ಅಲ್ಲಿಂದ ನನಗೆ ಟಿ. ನರಸೀಪುರಕ್ಕೆ ವರ್ಗವಾಯಿತು. ಹೊಳೆದಂಡೆಯ ಮಕ್ಕಳು ಆ ಶಾಲೆಗೆ ಬರುತ್ತಿದ್ದರು. ಒಂದು ದಿನ ವಿಷಯ ಪರಿವೀಕ್ಷಕರು ತಪಾಸಣೆಗೆ ಬಂದು ನನ್ನನ್ನು ಮೂಲೆಯಲ್ಲಿ ಕೂರಿಸಿ ತಾವೇ ಪಾಠಕ್ಕೆ ನಿಂತರು. ದೋಣಿಯ ಲೆಕ್ಕ ಅವರಿಗೆ ಬಲು ಪ್ರೀತಿ. ನಿಂತ ನೀರಿನಲ್ಲಿ ದೋಣಿಯ ವೇಗ ಗಂಟೆಗೆ ಹತ್ತು ಕಿಲೋಮೀಟರು, ಹೊಳೆಯ ವೇಗ ಎರಡು, ಇಪ್ಪತ್ತನಾಲ್ಕು ಕಿಲೋಮೀಟರು ಮೇಲಕ್ಕೆ ಹೋಗಿ ವಾಪಸು ಬರಲು ಎಷ್ಟು ಹೊತ್ತು? ತೆಪ್ಪ, ಅಂದರೆ ಹರಿಗೋಲು, ಬಿಡುವ ಮನೆಯ ಹುಡುಗನೊಬ್ಬ ಕೈಯೆತ್ತಿದ.

"ಮ್ಯಾಕ್ಕೆ ಯಾರೂ ತೆಪ್ಪದಾಗೆ ಓಗಕಿಲ್ಲ ಸಾ. ತೆಪ್ಪನ ತಲೆ ಮ್ಯಾಲೆ ಬೋರಲು ಹಾಕ್ಕೊಂಡು ದಡದ ಮ್ಯಾಲೆ ನಡ್ಕೊಂಡು ಓಯ್ತಾರೆ."

ಕ್ಲಾಸು ಹೌದು ಹೌದು ಎಂದಿತು. ಪರಿವೀಕ್ಷಕರು ಮುಖ ಬಿಗಿದುಕೊಂಡು, ಮಕ್ಕಳು ಪ್ರಶ್ನೆಯ ಹೊರಗೆ ಹೋಗುತ್ತಾರೆ, ಶಿಸ್ತು ಸಾಲದು ಎಂದು ತಪಾಸಣಾ ವರದಿಯಲ್ಲಿ ಬರೆದರು. ಟೀ ಕುಡಿಯುವಾಗ ಮಾತ್ರ ಮೆತ್ತಗೆ ನನ್ನ ಪಕ್ಕಕ್ಕೆ ಬಂದು, ತೆಪ್ಪ ಹೊತ್ತವನು ಗಂಟೆಗೆ ಎಷ್ಟು ನಡೆಯಬಹುದು ಮೇಡಂ ಎಂದು ಕೇಳಿದರು. ನಾಲ್ಕು ಎಂದೆ. ಪೇಪರಿನ ಚೂರಿನ ಮೇಲೆ ಗೀಚಿ, ಹೋಗೋಕೇ ಆರು ಗಂಟೆ ಬೇಕಲ್ರೀ ಎಂದು ಬೇಜಾರು ಮಾಡಿಕೊಂಡರು. ಒಳ್ಳೆಯ ಮನುಷ್ಯ. ಲೆಕ್ಕದ ಹುಚ್ಚು ಇದ್ದವರು ಅಧಿಕಾರಿಗಳಾದರೂ ಪೂರ್ತಿ ಕೆಡುವುದಿಲ್ಲ.

ಇವೆರಡರಿಂದ ನಾನು ಕಲಿತದ್ದು ಇಷ್ಟು: ಎಕ್ಸ್ ಎಂದಿರಲಿ ಎಂದು ಶುರು ಮಾಡುವ ಮೊದಲು, ಈ ಲೆಕ್ಕದಲ್ಲಿ ಯಾರಿದ್ದಾರೆ, ಏನು ನಡೀತಿದೆ, ನಿಮ್ಮ ಮಾತಲ್ಲಿ ಹೇಳಿ ಎಂದು ಕೇಳಬೇಕು. ಮಕ್ಕಳು ಹೇಳುತ್ತಾ ಹೋಗುತ್ತಾರೆ. ಅವರ ಕಥೆ ಮತ್ತು ಪುಸ್ತಕದ ಕಥೆ ಎಲ್ಲಿ ಬೇರೆಯಾಗುತ್ತದೋ ಅಲ್ಲೇ ಪಾಠ. ಈಗ ಮೊಬೈಲಿನಲ್ಲಿ ಲೆಕ್ಕದ ಫೋಟೋ ಹಿಡಿದರೆ ಉತ್ತರ ಹಂತ ಹಂತವಾಗಿ ಬರುತ್ತದಂತೆ. ಬರಲಿ, ಬೇಡ ಎನ್ನಲು ನಾನ್ಯಾರು. ಆದರೆ ತೆಪ್ಪವನ್ನು ತಲೆಯ ಮೇಲೆ ಹೊರುತ್ತಾರೆ ಎಂದು ಅದು ಯಾವತ್ತೂ ಎದುರು ಮಾತಾಡಿದ್ದನ್ನು ನಾನು ಕಂಡಿಲ್ಲ.

ನನ್ನ ವೃತ್ತಿಯಲ್ಲಿ ನಾನು ಮರೆಯದ ಲೆಕ್ಕ ಇವೆರಡೂ ಅಲ್ಲ. ಅದು ನಡೆದದ್ದು ಬನ್ನೂರಿನ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ. ನಾಲೆಯ ನೀರು, ಎತ್ತ ನೋಡಿದರೂ ಭತ್ತ ಕಬ್ಬು. ನಮ್ಮ ಹೆಡ್‌ಮಾಸ್ಟರು ಪುಟ್ಟಸ್ವಾಮಪ್ಪನವರು ಶಿಸ್ತಿನ ಮನುಷ್ಯ. ಅವರ ಜೀವನದ ಆಸೆ ಒಂದೇ, ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೆ ನೂರಕ್ಕೆ ನೂರು ಫಲಿತಾಂಶ. ಅದು ಅವರಿಗೆ ಪ್ರತಿ ವರ್ಷ ಒಂದಿಬ್ಬರಿಂದ ತಪ್ಪಿಹೋಗುತ್ತಿತ್ತು, ಆ ಒಂದಿಬ್ಬರೂ ಗಣಿತದಲ್ಲೇ ಹೋಗುತ್ತಿದ್ದರು. ಹಾಗಾಗಿ ಸ್ಟಾಫ್ ಮೀಟಿಂಗಿನಲ್ಲಿ ಅವರು ನನ್ನ ಕಡೆ ನೋಡುತ್ತಿರಲಿಲ್ಲ, ನನ್ನ ತಲೆಯ ಮೇಲಿನ ಗಡಿಯಾರ ನೋಡಿ ಮಾತಾಡುತ್ತಿದ್ದರು. ಹಿಂದುಳಿದ ಮಕ್ಕಳಿಗೆ ಪಾಸಿಂಗ್ ಪ್ಯಾಕೇಜ್ ಮಾಡಿಸಿ ಎಂಬುದು ಅವರ ನಿತ್ಯದ ಅಪ್ಪಣೆ. ಅಂದರೆ ಒಂದು ಪ್ರಮೇಯ, ಒಂದು ನಕ್ಷೆ, ಎರಡು ರಚನೆ, ಹೀಗೆ ಮೂವತ್ತೈದು ಅಂಕಕ್ಕೆ ಬೇಕಾದಷ್ಟನ್ನು ಬಾಯಿಪಾಠ ಮಾಡಿಸುವುದು. ವಾಕ್ಯದ ಲೆಕ್ಕದ ತಂಟೆಗೇ ಹೋಗದಿರುವುದು.

ಆ ವರ್ಷ ಹತ್ತನೇ ತರಗತಿಯಲ್ಲಿ ಮಾದೇವಿ ಎಂಬ ಹುಡುಗಿ ಇದ್ದಳು. ಅವಳ ಅಪ್ಪ ಕಬ್ಬು ಕಡಿಯುವ ತಂಡದ ಜೊತೆ ಊರೂರು ತಿರುಗುತ್ತಿದ್ದ, ಅಮ್ಮ ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲು ಕೊಡುವ ಕರಾರಿಗೆ, ಹಿಡಿದ ಒಂದು ತುಂಡು ಗದ್ದೆ ನೋಡಿಕೊಳ್ಳುತ್ತಿದ್ದಳು. ನಾನು ಒಂದು ದಿನ ಬೋರ್ಡಿನ ಮೇಲೆ ಲೆಕ್ಕ ಬರೆದೆ. ಎಂಟು ಜನ ಒಂದು ಗದ್ದೆಯನ್ನು ಆರು ದಿನದಲ್ಲಿ ನಾಟಿ ಮಾಡಿದರೆ, ಹನ್ನೆರಡು ಜನ ಎಷ್ಟು ದಿನದಲ್ಲಿ ಮಾಡುತ್ತಾರೆ? ಕಥೆ ಹೇಳಿ ಎಂದೆ. ಮಾದೇವಿ ಎದ್ದು, ಇವರು ಕೂಲಿಯವರೋ ಮುಯ್ಯಾಳೋ ಎಂದು ಕೇಳಿದಳು.

ಮುಯ್ಯಾಳು ಅಂದರೇನೆಂದು ನನಗೆ ಗೊತ್ತಿರಲಿಲ್ಲ. ಇಡೀ ಕ್ಲಾಸು ಒಟ್ಟಿಗೆ ವಿವರಿಸಿತು. ಇವತ್ತು ನಮ್ಮ ಗದ್ದೆಗೆ ನಿಮ್ಮ ಮನೆಯಿಂದ ನಾಲ್ಕು ಜನ ಬಂದು ನಾಟಿ ಹಾಕಿದರೆ, ನಿಮ್ಮ ಗದ್ದೆಯ ದಿನ ನಾವು ನಾಲ್ಕಾಳಿನ ಕೆಲಸ ಮಾಡಿಕೊಡಬೇಕು. ಕೂಲಿ ಇಲ್ಲ, ಆಳಿಗೆ ಆಳು. ಒಬ್ಬರ ಒಂದು ದಿನದ ದುಡಿಮೆ ಒಂದಾಳು ಎಂದು ಲೆಕ್ಕ.

"ಮುಯ್ಯಾಳಾದ್ರೆ ಕಮ್ಮಿ ಆಗಕಿಲ್ಲ ಮಿಸ್," ಎಂದಳು ಮಾದೇವಿ. "ಹನ್ನೆರಡು ಜನ ಬಂದ್ರೆ ಗದ್ದೆ ಬೇಗ ಮುಗೀತದೆ. ಆದ್ರೆ ನಾವು ತೀರಿಸೋದು ಅಷ್ಟೇ ಇರ್ತದಲ್ಲ."

ಪುಸ್ತಕದ ಉತ್ತರ ನಾಲ್ಕು ದಿನ. ಆದರೆ ಅವಳು ಹೇಳಿದ ಆ ಕಮ್ಮಿಯಾಗದ್ದು ಇದೆಯಲ್ಲ, ಆ ಪಾಠ ಇರುವುದೇ ಅದರ ಮೇಲೆ. ಎಂಟಾರಲೆ ನಲವತ್ತೆಂಟು, ಹನ್ನೆರಡು ನಾಲ್ಕಲೆ ನಲವತ್ತೆಂಟು. ಜನ ಹೆಚ್ಚಿದರೆ ದಿನ ಇಳಿಯುತ್ತದೆ, ಒಟ್ಟು ಆಳು ಮಾತ್ರ ಅಲ್ಲಾಡುವುದಿಲ್ಲ. ಅವತ್ತಿನಿಂದ ನಮ್ಮ ಕ್ಲಾಸಿನಲ್ಲಿ ವಿಲೋಮ ಅನುಪಾತ ಎಂಬ ಹೆಸರು ಹೋಗಿ ಮುಯ್ಯಾಳಿನ ಲೆಕ್ಕ ಎಂಬ ಹೆಸರು ಬಂತು. ತೊಟ್ಟಿ ತುಂಬುವ ನಲ್ಲಿಗಳೂ ಮುಯ್ಯಾಳುಗಳಾದವು, ಬಸ್ಸಿನ ವೇಗವೂ ಮುಯ್ಯಾಳಾಯಿತು. ಪೆನ್ನು ಕೆಳಗಿಡುತ್ತಿದ್ದವರು ಲೆಕ್ಕಕ್ಕೆ ಕೈ ಹಾಕತೊಡಗಿದರು. ನನಗೆ ಆ ಹುಡುಗಿಯ ಮೇಲೆ ತುಂಬ ಪ್ರೀತಿ ಬಂತು, ಮುಚ್ಚಿಡುವುದೇಕೆ.

ಜನವರಿ ಕೊನೆಯಲ್ಲಿ ಹೆಡ್‌ಮಾಸ್ಟರು ಹಾಜರಾತಿ ಕಡಿಮೆಯಿರುವವರನ್ನು ಕರೆಸಿದರು. ಮುಕ್ಕಾಲು ಪಾಲು ಹಾಜರಾತಿ ಇಲ್ಲದಿದ್ದರೆ ಹಾಲ್ ಟಿಕೆಟ್ ಇಲ್ಲ. ಮಾದೇವಿಯದು ತೀರಾ ಅಂಚಿನಲ್ಲಿತ್ತು. ಮಳೆಗಾಲದ ನಾಟಿ, ಕಳೆ, ಕೊಯ್ಲು ಎಂದು ಆಗಲೇ ಸಾಕಷ್ಟು ದಿನ ತಪ್ಪಿಸಿದ್ದಳು. ಸಾಲದ್ದಕ್ಕೆ ಬೇಸಿಗೆ ಬೆಳೆಗೆ ತಮ್ಮ ಗದ್ದೆಯ ನಾಟಿ ಮುಗಿದ ಮಾರನೆಯ ದಿನವೇ ಅವಳ ಅಮ್ಮ ನಾಲೆಯ ಏರಿಯ ಮೇಲೆ ಜಾರಿ ಬಿದ್ದು ಬಲಗೈ ಮುರಿದುಕೊಂಡಿದ್ದಳು. ಅವರ ಗದ್ದೆಗೆ ಎರಡು ಮನೆಯವರು ಬಂದು ನಾಟಿ ಹಾಕಿಕೊಟ್ಟಿದ್ದರು. ಈಗ ಆ ಎರಡು ಮನೆಗೆ ಹದಿನಾಲ್ಕು ಆಳು ತೀರಿಸಬೇಕು, ಮನೆಯಲ್ಲಿ ನಾಟಿಗೆ ಬಗ್ಗುವವಳು ಮಾದೇವಿ ಒಬ್ಬಳೇ. ಕೂಲಿ ಕೊಟ್ಟು ಬೇರೆಯವರನ್ನು ಕಳಿಸಬಾರದೇ ಎಂದೆ. ಆ ಸಮಯದಲ್ಲಿ ಆಳು ಸಿಗುವ ಹಾಗಿದ್ದರೆ ಮುಯ್ಯಾಳು ಎಂಬುದೇ ಇರುತ್ತಿರಲಿಲ್ಲ ಎಂದಳು.

ಸಹೋದ್ಯೋಗಿಯೊಬ್ಬರು ಹಾಜರಿಯಲ್ಲಿ ನಾಲ್ಕು ಗೆರೆ ಎಳೆದರೆ ಮುಗಿಯಿತು ಎಂದರು. ಪುಟ್ಟಸ್ವಾಮಪ್ಪನವರು ಅವರನ್ನು ಸುಟ್ಟುಬಿಡುವ ಹಾಗೆ ನೋಡಿದರು. ಅವಳು ಪರೀಕ್ಷೆಗೆ ಕೂರದಿದ್ದರೆ ಅವರ ನೂರಕ್ಕೆ ನೂರಕ್ಕೇನೂ ಧಕ್ಕೆ ಇರಲಿಲ್ಲ ನಿಜ. ಆದರೆ ಸುಳ್ಳು ಹಾಜರಿ ಹಾಕದವರು ಅವರೊಬ್ಬರೇ ಎಂಬುದೂ ನಿಜ. ಅಂದು ಅವರ ಮೇಲೆ ಕೋಪವೂ ಗೌರವವೂ ಒಟ್ಟಿಗೇ ಬಂದವು.

ನಾನು ಮಾಡಿದ್ದು, ನನಗೆ ಗೊತ್ತಿದ್ದದ್ದನ್ನು. ಲೆಕ್ಕವನ್ನು ಬೋರ್ಡಿನ ಮೇಲೆ ಬರೆದೆ. ವರ್ಷಕ್ಕೆ ಇನ್ನೂರು ದಿನ ಶಾಲೆ. ನೂರ ಅರವತ್ತನಾಲ್ಕು ಕಳೆದಿವೆ, ಒಬ್ಬಳು ನೂರ ಇಪ್ಪತ್ತೆರಡು ದಿನ ಬಂದಿದ್ದಾಳೆ. ಒಟ್ಟಿನಲ್ಲಿ ನಾಲ್ಕಕ್ಕೆ ಮೂರರ ಪ್ರಮಾಣ ಆಗಬೇಕಾದರೆ ಉಳಿದ ಮೂವತ್ತಾರರಲ್ಲಿ ಎಷ್ಟು ದಿನ ಬರಬೇಕು? ಯಾರ ಹೆಸರನ್ನೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಮಾದೇವಿಯೇ ಬಂದು ಸೀಮೆಸುಣ್ಣ ತೆಗೆದುಕೊಂಡಳು. ಎಕ್ಸ್ ಎಂದಿರಲಿ ಎಂದು ಬರೆದು, ಇಪ್ಪತ್ತೆಂಟು ಎಂದು ಉತ್ತರ ತೆಗೆದಳು. ಅಂದರೆ ಎಂಟು ದಿನ ತಪ್ಪಿಸಬಹುದು. ಅಷ್ಟಕ್ಕೆ ನಿಲ್ಲಿಸದೆ ಪಕ್ಕದಲ್ಲಿ ಆರು ಭಾನುವಾರ ಎಂದು ಬರೆದು ಕೂಡಿಸಿದಳು. ಎಂಟೂ ಆರೂ ಹದಿನಾಲ್ಕು. ಸರಿಯಾಗಿ ಕೂಡಿತು ಎಂದು ಅವಳ ಮುಖ ಅರಳಿತು.

ಲೆಕ್ಕವೇನೋ ಸರಿಯಾಗಿತ್ತು. ಆದರೆ ಪರೀಕ್ಷೆಯ ಹಿಂದಿನ ಒಂದೂವರೆ ತಿಂಗಳು ಒಂದು ದಿನವೂ ಬಿಡುವಿಲ್ಲದೆ ಆ ಹುಡುಗಿ ಶಾಲೆಯಲ್ಲಿರಬೇಕು, ಇಲ್ಲವೇ ಕೆಸರಲ್ಲಿ ಬಗ್ಗಿರಬೇಕು. ಅಷ್ಟರಲ್ಲಿ ಹುಡುಗರ ಸಾಲಿನಿಂದ ಒಂದು ಆಕ್ಷೇಪಣೆ ಬಂತು. ಒಟ್ಲಲ್ಲಿ, ಅಂದರೆ ಸಸಿಮಡಿಯಲ್ಲಿ, ಇರುವ ಪೈರು ಆರು ವಾರ ಕಾಯುತ್ತದೆಯೇ, ಹದಿನೈದು ದಿನಕ್ಕೆಲ್ಲ ಬಲಿತು ನಾಟಿಗೆ ಬಾರದಂತಾಗುತ್ತದೆ ಎಂದ ಒಬ್ಬ. ಆ ಹದಿನೈದು ದಿನದಲ್ಲಿ ಎರಡೇ ಭಾನುವಾರ, ಉಳಿದ ಹನ್ನೆರಡು ಆಳನ್ನು ಶಾಲೆ ತಪ್ಪಿಸಿಯೇ ತೀರಿಸಬೇಕು. ಮಾದೇವಿ ಅಂಗೈಯಿಂದ ಎಲ್ಲವನ್ನೂ ಒರೆಸಿಬಿಟ್ಟಳು. ಆ ವರ್ಷ ಪರೀಕ್ಷೆ ಬೇಡ ಎಂದು ಅವಳು ತೀರ್ಮಾನ ಮಾಡಿದ್ದು ನನಗೆ ಕಾಣಿಸಿತು. ಒಂದು ವರ್ಷ ಬಿಟ್ಟ ಹೆಣ್ಣುಮಗಳು ಆ ಊರಲ್ಲಿ ಮತ್ತೆ ಶಾಲೆಗೆ ಬಂದದ್ದನ್ನು ನಾನು ನೋಡಿರಲಿಲ್ಲ.

ಆಗ ಎದ್ದು ನಿಂತವಳು ಅವಳ ಪಕ್ಕದ ಬೆಂಚಿನ ರೂಪ. ಹದಿನಾಲ್ಕು ದಿನ ಒಬ್ಬಳೇ ಯಾಕೆ ಹೋಗಬೇಕು, ಹದಿನಾಲ್ಕು ಜನ ಒಂದು ದಿನ ಹೋದರೂ ಅದೇ ಅಲ್ಲವೇ, ನೀವೇ ಹೇಳಿಕೊಟ್ಟಿದ್ದಲ್ಲವೇ ಮಿಸ್ ಎಂದಳು. ನಾನು ಹೇಳಿಕೊಟ್ಟಿದ್ದು ಪರೀಕ್ಷೆಗೆ.

ಆದರೆ ಮಾದೇವಿ ಒಪ್ಪಲಿಲ್ಲ. "ಬ್ಯಾಡ. ಎಲ್ಡು ಮನೆ ಮುಯ್ಯಿ ಓಗಿ ಹದಿನಾಕು ಮನೆ ಮುಯ್ಯಿ ಆಯ್ತದೆ. ಕಮ್ಮಿ ಆಗಕಿಲ್ಲ ಅಂತ ನಾನೇ ಯೋಳಿವ್ನಿ."

"ನಮ್ ಗದ್ದೆಗೆ ಬರಬ್ಯಾಡ ಕಣೆ," ಎಂದಳು ರೂಪ. "ಪರೀಕ್ಷೆ ರಜದಾಗೆ ನಮ್ಮನೆಗೆ ಬಂದು ಈ ವಾಕ್ಯದ ಲೆಕ್ಕ ಯೋಳ್ಕೊಡು. ದಿನಕ್ಕೆ ದಿನ."

ಮಾದೇವಿ, ದಿನಕ್ಕೆ ದಿನವಾದರೆ ಆಗಬಹುದು ಎಂದಳು.

ಹೆಡ್‌ಮಾಸ್ಟರ ಹತ್ತಿರ ಹೋಗಿ ವಿಷಯ ಹೇಳಿದೆ. ಮಕ್ಕಳನ್ನು ಗದ್ದೆಗೆ ಇಳಿಸಿದರು ಎಂದು ಪೇಪರಿನವರು ಬರೆದರೆ ಯಾರು ಉತ್ತರ ಕೊಡುವುದು ಎಂದು ಕೂಗಾಡಿದರು. ಭಾನುವಾರ, ಅಪ್ಪ ಅಮ್ಮಂದಿರೇ ಒಪ್ಪಿದ್ದಾರೆ, ಗದ್ದೆಯೂ ಅವರವರ ಊರಿನದೇ, ನಾನೂ ಜೊತೆಗಿರುತ್ತೇನೆ ಎಂದೆ. ಕೊನೆಗೆ ಕಿಟಕಿಯ ಕಡೆ ತಿರುಗಿ, ನಾನು ಕೇಳಿಲ್ಲ, ನೀವು ಹೇಳಿಲ್ಲ ಎಂದರು. ಸರ್ಕಾರಿ ನೌಕರಿಯಲ್ಲಿ ಇದಕ್ಕೆ ಒಪ್ಪಿಗೆ ಎಂದು ಅರ್ಥ.

ಎರಡು ಮನೆಯವರ ಗದ್ದೆಯೂ ಒಂದೇ ಕಾಲುವೆಯ ಕೆಳಗೆ ಅಕ್ಕಪಕ್ಕ ಇದ್ದವು. ಒಂದು ಮನೆಯ ಯಜಮಾನಿ ಚಿಕ್ಕತಾಯಮ್ಮ, ವಯಸ್ಸಾಗಿದ್ದರೂ ಬಾಯಿ ಬಲು ಚುರುಕು. ಇನ್ನೊಂದು ಮನೆಯವರು ಆಕೆ ಹೇಳಿದ್ದಕ್ಕೆ ಹೂಂ ಎನ್ನುವವರು. ಭಾನುವಾರ ಮಾದೇವಿಯೂ ಸೇರಿ ಹತ್ತು ಹುಡುಗಿಯರು, ಆರು ಹುಡುಗರು, ನಾನು ಹಾಜರಾದೆವು. ಏರಿಯ ಮೇಲೆ ನಿಂತು ಚಿಕ್ಕತಾಯಮ್ಮ ಮೊದಲೇ ಕರಾರು ಹೇಳಿದಳು. ಹುಡುಗಿಯರು ಪೂರಾ ಆಳು. ಹುಡುಗರಿಗೆ ನಾಟಿ ಬರುವುದಿಲ್ಲ, ಪೈರಿನ ಕಟ್ಟು ಹೊರುತ್ತಾರೆ, ಆದ್ದರಿಂದ ಇಬ್ಬರು ಸೇರಿದರೆ ಒಂದಾಳು. ಹುಡುಗರು ಗಲಾಟೆ ಮಾಡಿದರೂ ಆಕೆ ಜಗ್ಗಲಿಲ್ಲ. ಹತ್ತು ಮತ್ತು ಮೂರು ಹದಿಮೂರು. ಹದಿನಾಲ್ಕನೆಯ ಆಳು ನಾನು.

ನಾನು ಸೆರಗು ಬಿಗಿದು ಇಳಿದೆ. ನಾಟಿ ಹಾಕುವುದು ಬೋರ್ಡಿನ ಮೇಲೆ ಬಹಳ ಸುಲಭ. ಗದ್ದೆಯಲ್ಲಿ ಬಗ್ಗಿದರೆ ಸೊಂಟ ಬೇರೆ, ಕಾಲು ಬೇರೆ, ಎರಡಕ್ಕೂ ಸಂಬಂಧವಿಲ್ಲ. ಹುಡುಗಿಯರು ಮಾತಾಡಿಕೊಂಡು ಹಿಂದೆ ಹಿಂದೆ ಸರಿಯುತ್ತಾ ಸಾಲು ಮುಗಿಸುತ್ತಿದ್ದರು. ನಾನು ನೆಟ್ಟು ತಲೆಯೆತ್ತುವಷ್ಟರಲ್ಲಿ ಅವರು ಇನ್ನೊಂದು ಬದುವಿನಲ್ಲಿರುತ್ತಿದ್ದರು. ಮಧ್ಯಾಹ್ನ ಚಿಕ್ಕತಾಯಮ್ಮ ನನ್ನ ಸಾಲಿನ ಹತ್ತಿರ ಬಂದು ನೋಡಿ ತೀರ್ಪು ಕೊಟ್ಟಳು.

"ಈ ಟೀಚರಮ್ಮ ಅರ್ಧಾಳು ಕಣ್ರವ್ವ. ನೆಟ್ಟಿದ್ರಾಗೆ ಅರ್ಧ ತೇಲ್ತಾ ಅವೆ."

ಮಕ್ಕಳು ನಕ್ಕು ನಕ್ಕು ಕೆಸರಲ್ಲಿ ಕೂತರು. ನಾನೂ ನಕ್ಕೆ, ಆದರೆ ಒಳಗೆ ಅಳುಕು. ಹದಿಮೂರೂವರೆ. ಅರ್ಧಾಳು ಬಾಕಿ. ಈ ಹೆಂಗಸು ಅರ್ಧವನ್ನೂ ಬಿಡುವವಳಲ್ಲ, ಬಿಟ್ಟರೆ ಮಾದೇವಿ ತೆಗೆದುಕೊಳ್ಳುವವಳಲ್ಲ. ಅವಳು ಆಗಲೇ, ನಾಳೆ ಸೋಮವಾರ ಅರ್ಧ ದಿನ ಬಂದು ತೀರಿಸುತ್ತೇನೆ ಎಂದು ಹೇಳುತ್ತಿದ್ದಳು.

ಆಗ ಏರಿಯ ಮೇಲೆ ಒಂದು ಸ್ಕೂಟರು ಬಂದು ನಿಂತಿತು. ಪುಟ್ಟಸ್ವಾಮಪ್ಪನವರು, ಕೈಯಲ್ಲಿ ಕೊಡೆ. ಯಾವ ಮಗುವೂ ನಾಲೆಗೆ ಬೀಳದಿರಲಿ ಎಂದು ನೋಡಲು ಬಂದೆ ಎಂದರು. ಮಕ್ಕಳು ಅರ್ಧಾಳು ಕಮ್ಮಿ ಬಿದ್ದ ಕಥೆ ಹೇಳಿದರು. ಅವರು ಕೊಡೆ ಮಡಿಸಿ ಸ್ಕೂಟರಿಗೆ ಸಿಕ್ಕಿಸಿದರು. ಚಪ್ಪಲಿ ಬಿಟ್ಟು, ಪ್ಯಾಂಟನ್ನು ಮೊಣಕಾಲಿನವರೆಗೆ ಮಡಿಸಿಕೊಂಡು ಪೈರಿನ ಕಟ್ಟಿಗೆ ಕೈ ಹಾಕಿದರು. ಎರಡು ಸಲ ಜಾರಿದರು, ಒಂದು ಸಲ ಪೂರ್ತಿ ಕೂತರು. ಸಂಜೆಯವರೆಗೆ ಹೊತ್ತರು.

ಸೂರ್ಯ ಇಳಿಯುವಾಗ ಚಿಕ್ಕತಾಯಮ್ಮ ಎರಡೂ ಗದ್ದೆ ನೋಡಿಕೊಂಡು ಬಂದಳು. "ಈ ಸಾಯೇಬ್ರೂ ಅರ್ಧವೇ. ಇಬ್ರೂ ಸೇರಿ ಒಂದಾಳು. ಮುಯ್ಯಿ ತೀರ್ತು, ಓಗವ್ವ ಓದ್ಕೊ," ಎಂದಳು. ಮಾದೇವಿ ಆಗ ಮೊದಲ ಸಲ ಅತ್ತಳು. ಹೆಡ್‌ಮಾಸ್ಟರು ಕೆಸರು ಮೆತ್ತಿದ ಪ್ಯಾಂಟಿನಲ್ಲಿ ಸ್ಕೂಟರು ಹತ್ತಿ, ಯಾರಿಗೂ ಹೇಳಬೇಡಿ ಎಂದು ನನಗೆ ಹೇಳಿ ಹೋದರು. ಅವರು ಬನ್ನೂರು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು.

ಮಾದೇವಿ ಉಳಿದ ಮೂವತ್ತಾರು ದಿನವೂ ಶಾಲೆಗೆ ಬಂದಳು. ಹಾಲ್ ಟಿಕೆಟ್ ಸಿಕ್ಕಿತು. ಪರೀಕ್ಷೆಯ ರಜದಲ್ಲಿ ತನ್ನ ಕರಾರನ್ನು ಚಾಚೂ ತಪ್ಪದೆ ನಡೆಸಿದಳು. ಹುಡುಗಿಯರ ಮನೆಗೆ ಒಂದೊಂದು ದಿನ, ಹುಡುಗರಿಗೆ ಅರ್ಧರ್ಧ ದಿನ. ಹುಡುಗರು ತಮಗೂ ಪೂರ್ತಿ ದಿನ ಬೇಕೆಂದು ನನ್ನ ಹತ್ತಿರ ದೂರು ತಂದರು. ಚಿಕ್ಕತಾಯಮ್ಮನನ್ನು ಕೇಳಿ ಎಂದು ಕಳಿಸಿದೆ. ಪಾಸಿಂಗ್ ಪ್ಯಾಕೇಜಿನವರೆಂದು ನಾವು ಗುರುತಿಸಿದ್ದ ಬಹುಪಾಲು ಮಕ್ಕಳು ಅವಳ ಮುಂದೆ ಕೂತು ಎಂಟು ಜನ ಆರು ದಿನ ಎಂದು ಕಥೆ ಹೇಳುತ್ತಿದ್ದರಂತೆ. ಪರೀಕ್ಷೆಯಲ್ಲಿ ಬಂದದ್ದು ರೈಲಿನ ಲೆಕ್ಕ. ಅವರಲ್ಲಿ ಅರ್ಧ ಜನ ರೈಲು ಹತ್ತಿದವರಲ್ಲ. ಆದರೂ ಯಾರೂ ಪೆನ್ನು ಕೆಳಗಿಡಲಿಲ್ಲ.

ಫಲಿತಾಂಶದ ದಿನ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಹೆಡ್‌ಮಾಸ್ಟರು, ಪಕ್ಕದಲ್ಲಿ ನಾನು. ಒಂದೊಂದೇ ಹೆಸರು ನೋಡುತ್ತಾ ಕೊನೆಗೆ ಬಂದರು. ಮತ್ತೆ ಮೊದಲಿನಿಂದ ನೋಡಿದರು. ಒಬ್ಬರೂ ಫೇಲಾಗಿರಲಿಲ್ಲ, ನೂರಕ್ಕೆ ನೂರು. ಮಾದೇವಿಗೆ ಗಣಿತದಲ್ಲಿ ಎಂಬತ್ತೊಂದು. ಅವರು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸುತ್ತಲೇ ಇದ್ದರು.

ಅಷ್ಟರಲ್ಲಿ ಬಾಗಿಲಲ್ಲಿ ಮಾದೇವಿ ಬಂದು ನಿಂತಳು. ತನ್ನ ಅಂಕ ಕೇಳಲಿಲ್ಲ.

"ಸಾ, ಎಲ್ರುದೂ ತೀರ್ಸಿವ್ನಿ. ನಿಮ್ದು, ಮಿಸ್‌ದು ಸೇರಿ ಒಂದಾಳು ಬಾಕಿ ಅದೆ. ಯಾವತ್ತು ಬರ್ಲಿ?"

ಪುಟ್ಟಸ್ವಾಮಪ್ಪನವರು ಕನ್ನಡಕ ಹಾಕಿಕೊಂಡು ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದರು.

"ನೀನು ಆಗಲೇ ಬಂದು ಹೋಗಿದ್ದೀಯ ಕಣಮ್ಮ," ಎಂದರು. "ನೋಡು ಇಲ್ಲಿ."